ನಮ್ಮ ಮೈ ಕೆಂಪಾಗಲ್ಲ, ಡಾಕ್ಟ್ರೇ

ಮೈ ಮೇಲೆ ಒಂದು ಕಲೆ ಎದ್ದರೆ ನಾವು ಮೊದಲು ಮಾಡುವ ಕೆಲಸ ಏನು? ಬೀದಿ ಕೊನೆಯ ಮೆಡಿಕಲ್ ಸ್ಟೋರಿಗೆ ಹೋಗುತ್ತೇವೆ. ಕೈ ಚಾಚಿ ತೋರಿಸಿ, "ಇದಕ್ಕೊಂದು ಟ್ಯೂಬು ಕೊಡಪ್ಪ" ಅನ್ನುತ್ತೇವೆ. ಮೈಸೂರಿನ ಮಂಚೇಗೌಡನ ಕೊಪ್ಪಲಿನ ಮುದ್ದಮ್ಮನವರೂ ಅದನ್ನೇ ಮಾಡಿದ್ದರು. ಒಂದು ಸಲವಲ್ಲ, ಒಂದೂವರೆ ವರ್ಷ.

ಮುದ್ದಮ್ಮನವರಿಗೆ ನಲವತ್ತಾರು ವರ್ಷ. ಜಯಲಕ್ಷ್ಮಿಪುರಂನಲ್ಲಿ ಅಂಬುಜಾ ಎಂಬುವರು ನಡೆಸುವ ಹೆಣ್ಣುಮಕ್ಕಳ ಪಿಜಿಯಲ್ಲಿ ಅಡುಗೆ ಕೆಲಸ. ಮೂವತ್ತು ಹುಡುಗಿಯರಿಗೆ ಬೆಳಗ್ಗೆ ತಿಂಡಿ, ಸಂಜೆ ಊಟ. ಅವರು ಅಕ್ಕಿರೊಟ್ಟಿ ತಟ್ಟುವ ದಿನ ಹುಡುಗಿಯರು ತಟ್ಟೆ ಹಿಡಿದು ಅಡುಗೆಮನೆ ಬಾಗಿಲಿಗೇ ಬರುತ್ತಿದ್ದರು. ಗಂಡ ಚಿಕ್ಕಮಾದಯ್ಯನವರದು ಲಗೇಜ್ ಆಟೋ. ದೇವರಾಜ ಮಾರುಕಟ್ಟೆಯಿಂದ ಊರಿನ ಅಂಗಡಿಗಳಿಗೆ ತರಕಾರಿ, ಬಾಳೆಗೊನೆ ಸಾಗಿಸುತ್ತಾರೆ.

ಮುದ್ದಮ್ಮನವರಿಗೆ ಮೊದಲು ಮೊಣಕೈ ಮೇಲೆ ಒಂದು ದಪ್ಪ ಕಲೆ ಬಂತು. ಆಮೇಲೆ ಮೊಣಕಾಲಿನ ಮೇಲೆ. ಆಮೇಲೆ ಮುಂಗೈಗೂ ಇಳಿಯಿತು. ಕೆರೆದರೆ ಬಿಳಿ ಹೊಟ್ಟು ಉದುರುತ್ತಿತ್ತು. "ಹುಳುಕಡ್ಡಿ ಕಣಮ್ಮ, ಇದನ್ನ ಹಚ್ಚಿ" ಎಂದು ಅಂಗಡಿಯವನು ಟ್ಯೂಬು ಕೊಟ್ಟ. ಹಚ್ಚಿದ ನಾಲ್ಕು ದಿನ ಕಡಿಮೆಯಾದಂತೆ ಕಾಣುವುದು. ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಆಗುವುದು. ಗಂಡ ಹೆಂಡತಿ ಒಮ್ಮೆ ಒಂದು ಕ್ಲಿನಿಕ್ಕಿಗೂ ಹೋಗಿಬಂದರು. ಅಲ್ಲಿಯೂ ಹುಳುಕಡ್ಡಿ ಎಂದೇ ಹೇಳಿದರು. ಅಲ್ಲಿಂದ ಬಂದ ಮೇಲೆ ಚಿಕ್ಕಮಾದಯ್ಯ ಮತ್ತೆ ಆಸ್ಪತ್ರೆಯ ಮಾತೇ ಎತ್ತಲಿಲ್ಲ.

ಒಂದು ಶುಕ್ರವಾರ ಅಂಬುಜಾ ಅಡುಗೆಮನೆಗೆ ಬಂದು, ಬಾಗಿಲಲ್ಲೇ ನಿಂತರು.

"ಮುದ್ದಮ್ಮ, ತಪ್ಪು ತಿಳ್ಕೋಬೇಡಿ. ಹುಡುಗೀರ ಮನೆಯವರು ಫೋನ್ ಮಾಡ್ತಿದಾರೆ. ಅಂಟೋ ಕಾಯಿಲೆನಾ ಅಂತ ಕೇಳ್ತಾರೆ. ನಾನೇನು ಹೇಳ್ಲಿ? ಕೈ ವಾಸಿಯಾಗೋ ತನಕ ಮನೇಲಿರಿ."

"ವಾಸಿಯಾಗ್ದೇ ಇದ್ರೆ ಅಮ್ಮಾವ್ರೇ?"

ಅಂಬುಜಾ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಮುದ್ದಮ್ಮ ನಾದಿಟ್ಟ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹಾದಿಯುದ್ದಕ್ಕೂ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದರು.

ಮಾರನೆಯ ದಿನ ಪ್ರೀತಿ ಮನೆಗೆ ಬಂದಳು. ಪ್ರೀತಿ ಅದೇ ಬೀದಿಯ ಆಶಾ ಕಾರ್ಯಕರ್ತೆ. ಮಕ್ಕಳ ಲಸಿಕೆ, ಬಾಣಂತಿಯರ ಆರೈಕೆ ಎಂದು ದಿನಾ ಮನೆಮನೆ ಸುತ್ತುವವಳು. ಅವತ್ತು ಅವಳ ಕೈಯಲ್ಲೊಂದು ಕರಪತ್ರವಿತ್ತು. ಮುಖದ ತುಂಬ ಸಂಭ್ರಮ.

"ಅಕ್ಕ, ನಾಳೆ ಎಲ್ಲೂ ಹೋಗ್ಬೇಡಿ. ಸಮುದಾಯ ಭವನದಲ್ಲಿ ಚರ್ಮದ ಡಾಕ್ಟ್ರುಗಳಿಗೆ ತರಬೇತಿ ಇದೆ. ಚರ್ಮದ ಡಾಕ್ಟರಾಗೋಕೆ ಓದ್ತಿರೋ ಇಪ್ಪತ್ತು ಜನ ಬರ್ತಾರೆ. ನಮ್ಮಂಥ ಮೈಬಣ್ಣದೋರ ಕಾಯಿಲೆ ಎಂಗೆ ಕಂಡುಹಿಡಿಯೋದು ಅಂತ ಕಲಿಯೋಕೆ. ಅವರಿಗೆ ನಮ್ಮಂಥ ಜನಾನೇ ಬೇಕಂತೆ."

ಚಿಕ್ಕಮಾದಯ್ಯ ಜಗಲಿ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಅಲ್ಲಿಂದಲೇ ಹೇಳಿದರು.

"ಕಲ್ತೋರ ಹತ್ರ ಓಗಿದ್ದೇ ಸಾಕಾಯ್ತು ಕಣವ್ವ. ಇನ್ನ ಕಲಿಯೋರ ಮುಂದೆ ಕೈಯೊಡ್ಡಬೇಕಾ? ಕಲಿಯಕ್ಕೆ ನಮ್ಮ ಮೈನೇ ಬೇಕಾ ಇವ್ರಿಗೆ?"

"ಹೂಂ ಅಣ್ಣ, ನಮ್ಮ ಮೈನೇ ಬೇಕು. ಆ ಕಲ್ತೋರು ಯಾರ ಮೈ ನೋಡಿ ಕಲ್ತಿದ್ರು ಹೇಳಿ? ಅವರ ಪುಸ್ತಕದಲ್ಲಿರೋ ಫೋಟೋ ಬಹುಪಾಲು ಬೆಳ್ಳಗಿರೋರದ್ದು. ಗೋಕುಲಂಗೆ ಯೋಗ ಕಲಿಯೋಕೆ ಬರ್ತಾರಲ್ಲ ಫಾರಿನ್ನೋರು, ನೀವೇ ನೋಡಿದೀರ. ಒಂದು ಸೊಳ್ಳೆ ಕಚ್ಚಿದ್ರೂ ಟೊಮೆಟೊ ಥರ ಕೆಂಪಗಾಗುತ್ತೆ. ನಮ್ಮ ಮೈಮೇಲೆ ಸೊಳ್ಳೆ ಕಚ್ಚಿದ್ರೆ ಕೆಂಪು ಕಾಣ್ತದಾ?"

ಚಿಕ್ಕಮಾದಯ್ಯ ಬೀಡಿ ಆರಿಸಿದರು. "ಕಾಣಲ್ಲ."

"ಅದೇ ಅಣ್ಣ. ಕಾಯಿಲೆ ಒಂದೇ, ಕಾಣೋದು ಬೇರೆ. ಕೆಂಪು ಹುಡುಕ್ತಾ ಕೂತ್ರೆ ಅಕ್ಕನ ಕಾಯಿಲೆ ಯಾರಿಗೂ ಸಿಗಲ್ಲ."

"ನಾನು ಓಯ್ತೀನಿ" ಎಂದರು ಮುದ್ದಮ್ಮ. ಗಂಡನ ಕಡೆ ತಿರುಗಿ, "ನೀವು ಆಟೋದಲ್ಲಿ ಬುಟ್ಟುಬುಡಿ ಸಾಕು. ಒಳಕ್ಕೆ ಬರ್ಬೇಡಿ" ಎಂದರು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸಮುದಾಯ ಭವನದಲ್ಲಿ ಹಬ್ಬದ ಮನೆಯಂತೆ ಗದ್ದಲ. ಸುತ್ತಲಿನ ಬೀದಿಗಳಿಂದ ನಲವತ್ತು ಐವತ್ತು ಜನ ಬಂದಿದ್ದರು. ಕಪ್ಪು, ಎಣ್ಣೆಗೆಂಪು, ಗೋಧಿ, ಹೀಗೆ ಎಲ್ಲ ಮೈಬಣ್ಣದವರೂ ಅಲ್ಲಿದ್ದರು. ಬಿಳಿ ಕೋಟಿನ ಯುವ ವೈದ್ಯರು ಇಬ್ಬಿಬ್ಬರಾಗಿ ಮೇಜುಗಳ ಹಿಂದೆ ಕೂತಿದ್ದರು. ತರಬೇತಿ ಕೊಡುವವರು ಡಾಕ್ಟರ್ ಶಾಮಣ್ಣ. ಅರವತ್ತು ದಾಟಿದವರು, ನರೆತ ಕೂದಲು, ತೋಳು ಮಡಚಿದ ಅಂಗಿ. ಅವರು ಕುರ್ಚಿಯಲ್ಲಿ ಕೂತದ್ದನ್ನು ಅವತ್ತು ಯಾರೂ ನೋಡಲಿಲ್ಲ.

ಪ್ರೀತಿ ಮುದ್ದಮ್ಮನವರನ್ನು ಡಾಕ್ಟರ್ ಮಾಲವಿಕಾ ಎಂಬ ಯುವ ವೈದ್ಯೆಯ ಮುಂದೆ ಕೂರಿಸಿದಳು. ಮಾಲವಿಕಾ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮೊಣಕೈ ನೋಡಿದರು. ಟ್ಯಾಬಿನಲ್ಲಿದ್ದ ಚಿತ್ರ ನೋಡಿದರು. ಮತ್ತೆ ಮೊಣಕೈ ನೋಡಿದರು.

"ಹುಳುಕಡ್ಡಿ ಅನ್ಸುತ್ತೆ ಸರ್" ಎಂದರು.

ಮುದ್ದಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಮತ್ತೆ ಅದೇ ಮಾತು.

ಶಾಮಣ್ಣ ಹತ್ತಿರ ಬಂದರು. "ಸೋರಿಯಾಸಿಸ್ ಯಾಕಲ್ಲ?"

"ಅದಾದ್ರೆ ಕೆಂಪಗಿರಬೇಕಿತ್ತು ಸರ್. ಇಲ್ಲಿ ಕೆಂಪು ಕಾಣ್ತಿಲ್ಲ."

"ಈ ಅಮ್ಮನ್ನ ಕೇಳಿದ್ರಾ? ಒಂದೂವರೆ ವರ್ಷದಿಂದ ಆ ಕಲೆ ನೋಡ್ತಿರೋರು ಅವರು. ನೀವು ನೋಡ್ತಿರೋದು ಎರಡು ನಿಮಿಷದಿಂದ."

ಮಾಲವಿಕಾ ಟ್ಯಾಬನ್ನು ಪಕ್ಕಕ್ಕಿಟ್ಟರು. "ಅಮ್ಮ, ಇದು ಯಾವಾಗಾದ್ರೂ ಕೆಂಪಗಾಗಿತ್ತಾ?"

"ನಮ್ಮ ಮೈ ಕೆಂಪಾಗಲ್ಲ, ಡಾಕ್ಟ್ರೇ" ಎಂದರು ಮುದ್ದಮ್ಮ. ಇಷ್ಟು ದಿನ ಯಾರೂ ಕೇಳದೆ ಉಳಿದಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು. "ಇದು ಜೋರಾದಾಗ ನೇರಳೆಹಣ್ಣು ಇಚುಕ್ದಂಗೆ ಆಯ್ತದೆ. ಇಳಿಯುವಾಗ ಬೂದಿ ಬಣ್ಣಕ್ಕೆ ಬತ್ತದೆ. ಕಣ್ಣಿಗೆ ಕಾಣೋಕ್ಮುಂಚೇನೆ ಕೈಗೆ ಗೊತ್ತಾಯ್ತದೆ. ಮುಟ್ಟಿದ್ರೆ ದಪ್ಪ ಇರ್ತದೆ, ಬಿಸಿ ಇರ್ತದೆ. ಮುಟ್ಟಿ ನೋಡಿ ಬೇಕಾದ್ರೆ."

ಮಾಲವಿಕಾ ಮುಟ್ಟಿದರು. ಆ ಕಲೆಯನ್ನು ವೈದ್ಯರೊಬ್ಬರು ಮುಟ್ಟಿದ್ದು ಅದೇ ಮೊದಲು.

ಶಾಮಣ್ಣ ಎರಡು ಸಲ ಚಪ್ಪಾಳೆ ತಟ್ಟಿ ಎಲ್ಲ ಯುವ ವೈದ್ಯರನ್ನೂ ಕರೆದರು. "ಎಲ್ಲರೂ ಬನ್ನಿ. ಇವರು ಮುದ್ದಮ್ಮ. ಇವತ್ತಿನ ಮೊದಲನೇ ಪಾಠ ಇವರೇ ಹೇಳ್ತಾರೆ. ಅಮ್ಮ, ಆ ನೇರಳೆಹಣ್ಣಿನ ಮಾತು ಇನ್ನೊಂದು ಸಲ ಹೇಳಿ. ಎಲ್ಲರೂ ಬರ್ಕೊಳ್ಳಿ."

ಇಪ್ಪತ್ತು ಜನ ಡಾಕ್ಟರುಗಳು ತಮ್ಮ ಮಾತು ಬರೆದುಕೊಳ್ಳುವುದನ್ನು ನೋಡಿ ಮುದ್ದಮ್ಮನವರಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಉತ್ಸಾಹ ಬಂತು. ಸೆರಗು ಸಿಕ್ಕಿಸಿಕೊಂಡು, ಎರಡೂ ಕೈ ಮುಂದೆ ಚಾಚಿ, ಯಾವುದು ಹಳೆಯ ಕಲೆ, ಯಾವುದು ಹೊಸದು, ಯಾವುದು ನಾಳೆ ಏಳಲಿದೆ ಎಂದು ಒಂದೊಂದಾಗಿ ತೋರಿಸಿದರು.

"ಈಗ ಹೊರಗಡೆ ಬನ್ನಿ" ಎಂದರು ಶಾಮಣ್ಣ. "ಟ್ಯೂಬ್‌ಲೈಟಲ್ಲಿ ಕಪ್ಪು ಮೈ ನೋಡಿದ್ರೆ ಅರ್ಧ ಮಾತ್ರ ಕಾಣುತ್ತೆ. ಹಗಲಿನ ಬೆಳಕು ಬೇಕು. ಕಲೆ ಪಕ್ಕದಲ್ಲಿರೋ ಒಳ್ಳೇ ಚರ್ಮ ನೋಡಿ, ಎರಡನ್ನೂ ಹೋಲಿಸಿ. ಉಗುರು ನೋಡಿ, ತಲೆ ನೋಡಿ, ಕಿವಿ ಹಿಂದೆ ನೋಡಿ."

ವರಾಂಡದ ಬೆಳಕಿನಲ್ಲಿ ಮಾಲವಿಕಾ ಮತ್ತೆ ಮೊದಲಿನಿಂದ ನೋಡಿದರು. ಈಗ ಅವರಿಗೆ ಕಂಡಿತು. ಕಲೆಯ ಅಂಚು ಮುದ್ದಮ್ಮ ಹೇಳಿದ್ದ ಅದೇ ನೇರಳೆ ಬಣ್ಣ. ಉಗುರುಗಳ ಮೇಲೆ ಸೂಜಿಮೊನೆ ಊರಿದಂಥ ಸಣ್ಣ ಸಣ್ಣ ಗುಳಿ. ಕಿವಿ ಹಿಂದೆ ದಪ್ಪ ಹೊಟ್ಟು. ಸೋರಿಯಾಸಿಸ್ ಕೆಲವರ ಕೀಲಿಗೂ ಬರುತ್ತದೆ, ಅದಕ್ಕೆ ಬೆಳಗ್ಗೆ ಹೊತ್ತು ಕೀಲು ಹಿಡಿದುಕೊಳ್ಳುತ್ತದಾ ಎಂದೂ ಕೇಳಿದರು; ಇಲ್ಲ ಎಂದರು ಮುದ್ದಮ್ಮ. ಕಲೆಯ ಮೇಲಿಂದ ಸ್ವಲ್ಪ ಹೊಟ್ಟು ಕೆರೆದು, ಅಲ್ಲಿಯೇ ಇದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳುಕಡ್ಡಿಯ ಸುಳಿವೇ ಇರಲಿಲ್ಲ.

"ಅಮ್ಮ, ಇದು ಸೋರಿಯಾಸಿಸ್, ಚರ್ಮ ಬೇಗ ಬೇಗ ಬೆಳೆದು ಹೊಟ್ಟೇಳೋ ಕಾಯಿಲೆ. ಹುಳುಕಡ್ಡಿ ಅಲ್ಲವೇ ಅಲ್ಲ. ನಾನು ಮೊದಲು ಹೇಳಿದ್ದು ತಪ್ಪು."

"ಅಂಟ್ತದಾ ಡಾಕ್ಟ್ರೇ?"

"ಅಂಟಲ್ಲ. ಮುಟ್ಟಿದ್ರೆ ಅಂಟಲ್ಲ. ಜೊತೇಲಿ ಕೂತು ಉಂಡ್ರೆ ಅಂಟಲ್ಲ. ನೀವು ಮಾಡಿದ ಅಡುಗೆ ತಿಂದ್ರೂ ಅಂಟಲ್ಲ."

"ಇನ್ನೊಂದ್ಸಲ ಹೇಳಿ."

ಮಾಲವಿಕಾ ಇನ್ನೊಂದು ಸಲ ಹೇಳಿದರು. ಮುದ್ದಮ್ಮನವರ ಕಣ್ಣಲ್ಲಿ ನೀರು ತುಂಬಿತು. ಗೇಟಿನ ಹತ್ತಿರ ಆಟೋಗೆ ಒರಗಿ ನಿಂತಿದ್ದ ಗಂಡನನ್ನು ನೋಡಿ ಜೋರಾಗಿ ಕೂಗಿದರು. "ಬನ್ನಿ ಇಲ್ಲಿ, ಈಯಮ್ಮ ಏನೇಳ್ತಾವ್ರೆ ಕೇಳಿ. ಅಂಟಲ್ವಂತೆ."

ಚಿಕ್ಕಮಾದಯ್ಯ ಬಂದರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಶಾಮಣ್ಣನವರ ಮುಖ ನೋಡಿ ಹೇಳಿದರು.

"ಸ್ವಾಮಿ, ಓದ ವರ್ಷ ಒಂದು ಕ್ಲಿನಿಕ್ಕಿಗೆ ಓಗಿದ್ವಿ. ಡಾಕ್ಟ್ರು ಮೇಜಿನ ಆ ಕಡೆಯಿಂದ್ಲೇ ನೋಡಿದ್ರು. ಮುಟ್ಟಲಿಲ್ಲ. 'ದಿನಾ ಸ್ನಾನ ಮಾಡ್ತೀಯಾ' ಅಂತ ಇವಳನ್ನ ಕೇಳಿದ್ರು. ಎರಡೊತ್ತು ಸ್ನಾನ ಮಾಡಿ ಅಡುಗೆಮನೆಗೆ ಓಗೋಳು ಇವಳು. ಅವತ್ತಿಂದ ನಂಗೆ ಯಾವ ಡಾಕ್ಟ್ರ ಮುಖಾನೂ ನೋಡಕ್ಕೆ ಮನಸಾಗ್ಲಿಲ್ಲ."

ಶಾಮಣ್ಣ ಮುದ್ದಮ್ಮನವರ ಮುಂದೆ ಕೈಮುಗಿದರು. "ನಮ್ಮ ಪರವಾಗಿ ನಾನು ಕ್ಷಮೆ ಕೇಳ್ತೀನಿ ಅಮ್ಮ. ಕೇಳಬಾರದ ಮಾತು ಅದು." ಆಮೇಲೆ ಶಿಷ್ಯರ ಕಡೆ ತಿರುಗಿದರು. "ಕಲೆ ಗುರುತು ಸಿಗಲಿಲ್ಲ ಅಂದ್ರೆ ಗೊತ್ತಾಗ್ತಿಲ್ಲ ಅಂತ ಒಪ್ಕೊಳ್ಳಿ. ರೋಗಿಯ ಮೈ ಕೊಳಕು ಅನ್ನಬೇಡಿ. ಆ ಒಂದು ಪ್ರಶ್ನೆಯಿಂದ ಇವರು ಒಂದು ವರ್ಷ ಆಸ್ಪತ್ರೆ ಕಡೆ ಬರಲಿಲ್ಲ ನೋಡಿ."

ಚಿಕ್ಕಮಾದಯ್ಯ ಇದನ್ನು ನಿರೀಕ್ಷಿಸಿರಲಿಲ್ಲ. ಅಂಗಿಯ ತೋಳು ಮೇಲಕ್ಕೆ ಸರಿಸಿ ಬೆವರು ಒರೆಸಿಕೊಂಡರು.

ಮಾಲವಿಕಾ ಚಿಕ್ಕಮಾದಯ್ಯನವರ ತೋಳನ್ನೇ ನೋಡುತ್ತಿದ್ದರು.

"ಅಣ್ಣ, ಆ ಕೈ ಸ್ವಲ್ಪ ಬೆಳಕಿಗೆ ಹಿಡೀತೀರಾ?"

"ನಂಗೇನಿಲ್ಲ ಕಣವ್ವ. ಸೆಕೆಗೆ ಬಂದಿರೋ ಮಚ್ಚೆ ಇದು. ನೋವಿಲ್ಲ, ನವೆಯಿಲ್ಲ."

ಮೊಣಕೈ ಕೆಳಗೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಮಚ್ಚೆ. ಸುತ್ತಲಿನ ಕಪ್ಪು ಚರ್ಮಕ್ಕಿಂತ ಒಂದಿಷ್ಟು ತೆಳು ಬಣ್ಣ, ಅಷ್ಟೇ. ಒಂದು ಗಂಟೆಯ ಹಿಂದಾಗಿದ್ದರೆ ಮಾಲವಿಕಾ ಅದನ್ನು ಗಮನಿಸುತ್ತಿರಲಿಲ್ಲ. ಅವರು ಒಂದು ಚೂರು ಹತ್ತಿಯನ್ನು ಎಳೆಯಾಗಿ ಹೊಸೆದರು.

"ಕಣ್ಣು ಮುಚ್ಕೊಳ್ಳಿ ಅಣ್ಣ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ."

ಅಂಗೈ ಮೇಲೆ ಮುಟ್ಟಿದರು. "ಹೂಂ."

ಭುಜದ ಮೇಲೆ. "ಹೂಂ."

ಮಚ್ಚೆಯ ಮೇಲೆ ಮುಟ್ಟಿದರು. ಚಿಕ್ಕಮಾದಯ್ಯ ಸುಮ್ಮನಿದ್ದರು. ಮತ್ತೆ ಮುಟ್ಟಿದರು. ಮೂರನೇ ಸಲವೂ ಮುಟ್ಟಿದರು.

"ಯಾಕವ್ವ ನಿಲ್ಲಿಸ್ಬುಟ್ಟೆ? ಮುಟ್ಟು" ಎಂದರು ಚಿಕ್ಕಮಾದಯ್ಯ, ಕಣ್ಣು ಮುಚ್ಚಿಕೊಂಡೇ.

ಮುದ್ದಮ್ಮ ಗಂಡನ ತೋಳು ಹಿಡಿದುಕೊಂಡರು. ಚಿಕ್ಕಮಾದಯ್ಯ ಕಣ್ಣು ಬಿಟ್ಟು ನೋಡಿದಾಗ ಹತ್ತಿಯ ಎಳೆ ಇನ್ನೂ ಮಚ್ಚೆಯ ಮೇಲೇ ಇತ್ತು. ಹೋದ ತಿಂಗಳು ಆಟೋ ಸೈಲೆನ್ಸರ್ ತಾಕಿ ಅದೇ ಜಾಗದಲ್ಲಿ ಬೊಬ್ಬೆ ಎದ್ದಿದ್ದು ನೆನಪಿಗೆ ಬಂತು. ಬೊಬ್ಬೆ ಕಣ್ಣಿಗೆ ಬಿದ್ದ ಮೇಲೇ ಸುಟ್ಟಿದ್ದು ಗೊತ್ತಾಗಿತ್ತು. ಅದನ್ನೂ ಹೇಳಿದರು.

ಶಾಮಣ್ಣ ಮಚ್ಚೆ ನೋಡಿದರು. ಮೊಣಕೈ ಹಿಂದಿನ ನರವನ್ನು ಬೆರಳಿನಿಂದ ಒತ್ತಿ ನೋಡಿದರು. ಮೈಯೆಲ್ಲ ಪರೀಕ್ಷಿಸಿದರು. ಬೇರೆಲ್ಲೂ ಮಚ್ಚೆ ಇರಲಿಲ್ಲ. ಆಮೇಲೆ ಪಕ್ಕದಲ್ಲಿ ನಿಂತು, ಹೆಗಲ ಮೇಲೆ ಕೈಯಿಟ್ಟು ಹೇಳಿದರು. "ಚಿಕ್ಕಮಾದಯ್ಯನವರೇ, ಇದು ಕುಷ್ಠದ ಶುರು. ಹೆದರಬೇಡಿ."

"ನನ್ನ ಬೆರಳು ಓಯ್ತವಾ ಸ್ವಾಮಿ? ಆಟೋ ಓಡ್ಸೋ ಕೈ ಇದು."

"ಹೋಗಲ್ಲ. ಬೇಗ ಸಿಕ್ಕಿದೆ. ಬೆರಳಿಗೆ ಹೋಗೋ ದೊಡ್ಡ ನರಕ್ಕೆ ಇನ್ನೂ ಏನೂ ಆಗಿಲ್ಲ. ಆರು ತಿಂಗಳು ಮಾತ್ರೆ ತಗೊಂಡ್ರೆ ಪೂರ್ತಿ ವಾಸಿಯಾಗುತ್ತೆ. ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ. ಮಾತ್ರೆ ಶುರು ಮಾಡಿದ ಮೇಲೆ ಬೇರೆಯವರಿಗೆ ಹರಡಲ್ಲ. ಮನೇಲೇ ಇರಿ, ಎಲ್ಲರ ಜೊತೆ ಉಣ್ಣಿ, ಆಟೋ ಓಡಿಸಿ. ಮಾತ್ರೆ ಮಾತ್ರ ಒಂದು ದಿನಾನೂ ಬಿಡಬೇಡಿ. ಇನ್ನೂ ನಾಲ್ಕು ವರ್ಷ ಬಿಟ್ಟು ಬಂದಿದ್ರೆ ನಾನು ಈ ಮಾತು ಹೇಳೋಕೆ ಆಗ್ತಿರಲಿಲ್ಲ."

ಚಿಕ್ಕಮಾದಯ್ಯ ಮಾಲವಿಕಾ ಅವರ ಕಡೆ ತಿರುಗಿದರು. "ನಾನು ಗೇಟ್ನಲ್ಲೇ ನಿಂತಿರ್ತಿದ್ದೆ ಕಣವ್ವ. ಇವಳು ಕೂಗ್ಲಿಲ್ಲ ಅಂದಿದ್ರೆ ಒಳಕ್ಕೇ ಬರ್ತಿರ್ಲಿಲ್ಲ" ಎಂದರು.

ಮಾಲವಿಕಾ ಅವರ ಮುಖ ಅರಳಿತ್ತು. "ಇವರ ಕೈ ನೋಡಿ ಕಲಿತ ಮೇಲೆ ತಾನೇ ಅಣ್ಣ, ನಿಮ್ಮ ಕೈ ನಂಗೆ ಕಂಡಿದ್ದು" ಎಂದು ಮುದ್ದಮ್ಮನವರನ್ನು ತೋರಿಸಿದರು.

ಅವತ್ತು ಸಂಜೆಯ ತನಕ ಆ ವರಾಂಡದಲ್ಲಿ ಪಾಠ ನಡೆಯಿತು. ಬಿಳಿಯಾಗಲೆಂದು ಮುಖಕ್ಕೆ ಅಂಗಡಿ ಕ್ರೀಮು ಹಚ್ಚಿ ಹಚ್ಚಿ ಚರ್ಮ ತೆಳುವಾಗಿ ಉರಿಯುತ್ತಿದ್ದ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಆ ಕ್ರೀಮಿನಲ್ಲೂ ಮುದ್ದಮ್ಮನವರ ಟ್ಯೂಬಿನಲ್ಲೂ ಒಂದೇ ಜಾತಿಯ ಔಷಧ ಇತ್ತು. ಅದರ ಹೆಸರು ಸ್ಟಿರಾಯ್ಡ್. ಡಾಕ್ಟರು ಅಳತೆ ಹೇಳಿ, ಇಷ್ಟೇ ದಿನ ಎಂದು ಕೊಟ್ಟರೆ ಅದು ಒಳ್ಳೆಯ ಔಷಧ. ನಾವೇ ಕೊಂಡು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ಹಾಳು ಮಾಡುತ್ತದೆ, ಕಾಯಿಲೆಯ ಗುರುತನ್ನೂ ಅಳಿಸುತ್ತದೆ. ಅದನ್ನು ಒಮ್ಮೆಲೇ ಬಿಡದೆ ಹೇಗೆ ಇಳಿಸಬೇಕು ಎಂದು ಮಾಲವಿಕಾ ಇಬ್ಬರಿಗೂ ಹೇಳಿಕೊಟ್ಟರು.

ಸೋಮವಾರ ಮುದ್ದಮ್ಮ ಮಾಲವಿಕಾ ಬರೆದುಕೊಟ್ಟ ಪತ್ರ ಹಿಡಿದು ಪಿಜಿಗೆ ಹೋದರು. ಅಂಬುಜಾ ಅದನ್ನು ಎರಡು ಸಲ ಓದಿದರು.

"ನಿಜವಾಗ್ಲೂ ಅಂಟಲ್ವಾ ಮುದ್ದಮ್ಮ?"

"ನಂಬರ್ ಬರ್ದವ್ರೆ ಅಮ್ಮಾವ್ರೇ. ನೀವೇ ಕೇಳಿ."

ಅಂಬುಜಾ ಫೋನ್ ಮಾಡಿದರು. ಐದು ನಿಮಿಷ ಮಾತಾಡಿದರು. ಫೋನ್ ಇಟ್ಟು ಮುದ್ದಮ್ಮನವರ ಕಡೆ ತಿರುಗಿದರು. "ನಾನೇ ಮೊದಲು ಒಬ್ರು ಡಾಕ್ಟ್ರನ್ನ ಕೇಳಬೇಕಿತ್ತು. ನಿಮ್ಮನ್ನ ಮನೆಗೆ ಕಳಿಸಿಬಿಟ್ಟೆ. ಬನ್ನಿ, ಹುಡುಗೀರಿಗೆ ನಾನೇ ಹೇಳ್ತೀನಿ."

"ಬತ್ತೀನಿ" ಎಂದರು ಮುದ್ದಮ್ಮ. "ಆದ್ರೆ ತಿಂಗ್ಳಿಗೊಂದು ಭಾನುವಾರ ರಜ ಬೇಕು ಅಮ್ಮಾವ್ರೇ. ಡಾಕ್ಟ್ರುಗಳಿಗೆ ಪಾಠ ಹೇಳಕ್ಕೋಗ್ಬೇಕು."

ಅಂಬುಜಾ ಅದನ್ನು ತಮಾಷೆ ಎಂದುಕೊಂಡರು. ಆದರೆ ಅದು ನಿಜವೇ ಆಗಿತ್ತು. ಪ್ರತಿ ತಿಂಗಳೂ ಹೊಸ ಯುವ ವೈದ್ಯರ ತಂಡ ಬರುತ್ತಿತ್ತು, ಪ್ರತಿ ತಿಂಗಳೂ ಮುದ್ದಮ್ಮ ಹೋಗುತ್ತಿದ್ದರು. ಪಾಠಕ್ಕೆಂದು ವೈದ್ಯರು ಒಪ್ಪಿಗೆ ಕೇಳಿ, ಮುಖ ಬಿಟ್ಟು ಕೈಗಳ ಫೋಟೋ ಮಾತ್ರ ತೆಗೆದರು. ಕಲೆ ಜೋರಾಗಿದ್ದಾಗ ಒಂದು, ಇಳಿಯುವಾಗ ಒಂದು, ವಾಸಿಯಾದ ಮೇಲೆ ಉಳಿದ ಕಪ್ಪು ಗುರುತಿನದು ಒಂದು. ಆ ಗುರುತು ಕಾಯಿಲೆಯಲ್ಲ, ನಿಧಾನವಾಗಿ ತಿಳಿಯಾಗುತ್ತದೆ ಎನ್ನುವುದನ್ನು ಮುದ್ದಮ್ಮನವರೇ ವೈದ್ಯರಿಗೆ ವಿವರಿಸುತ್ತಿದ್ದರು. ಅವರ ಸೋರಿಯಾಸಿಸ್ ಪೂರ್ತಿ ಮಾಯವಾಗಿಲ್ಲ, ಚಳಿಗಾಲದಲ್ಲಿ ಸ್ವಲ್ಪ ತಲೆಯೆತ್ತುತ್ತದೆ. ಆಗೇನು ಮಾಡಬೇಕು ಎಂಬುದು ಈಗ ಅವರಿಗೆ ಗೊತ್ತು.

ಚಿಕ್ಕಮಾದಯ್ಯ ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರು. ಪ್ರೀತಿ ಪ್ರತಿ ವಾರ ಬಂದು ವಿಚಾರಿಸಿಕೊಂಡಳು. ಮನೆಯವರನ್ನೂ ಪರೀಕ್ಷೆ ಮಾಡಿಸಿದಳು, ಯಾರಿಗೂ ಏನೂ ಇರಲಿಲ್ಲ. ಕೊನೆಯ ಮಾತ್ರೆ ನುಂಗಿದ ವಾರ ತರಬೇತಿಗೆ ಚಿಕ್ಕಮಾದಯ್ಯನವರೇ ಎಲ್ಲರಿಗಿಂತ ಮುಂಚೆ ಹೊರಟು ನಿಂತಿದ್ದರು. ಮಾರುಕಟ್ಟೆಯ ಇಬ್ಬರು ಹಮಾಲಿಗಳನ್ನೂ ಜೊತೆಗೆ ಕರೆತಂದಿದ್ದರು.

ಹೊಸ ತಂಡದ ವೈದ್ಯನೊಬ್ಬ ಟ್ಯಾಬ್ ತೆರೆದು ಕೂತಿದ್ದ. ಚಿಕ್ಕಮಾದಯ್ಯ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ತೋಳು ಮಡಚಿದರು.

"ಅದನ್ನ ಮುಚ್ಚಿಡಪ್ಪ. ಬಾ, ಬೆಳಕಿಗೆ ಓಗಣ. ಮೊದ್ಲು ನನ್ನ ಕೈ ನೋಡು, ಮುಟ್ಟಿ ನೋಡು. ಗೊತ್ತಾಗ್ದಿದ್ರೆ ಕೇಳು, ನಾನು ಹೇಳ್ಕೊಡ್ತೀನಿ."

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ಇವತ್ತು ಹಗಲು ಬೆಳಕಿನಲ್ಲಿ ಒಮ್ಮೆ ನಿಮ್ಮ ಮೈ ನೋಡಿಕೊಳ್ಳಿ. ಮನೆಯವರ ಬೆನ್ನು, ತೋಳು ನೋಡಿ. ನೋವಿಲ್ಲದ, ನವೆಯಿಲ್ಲದ, ಮುಟ್ಟಿದರೆ ತಿಳಿಯದ ತೆಳು ಬಣ್ಣದ ಮಚ್ಚೆ ಇದ್ದರೆ ಇವತ್ತೇ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ತೋರಿಸಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಲೆ ಏನು ಎಂದು ಗೊತ್ತಿಲ್ಲದೆ ಅಂಗಡಿಯಿಂದ ಟ್ಯೂಬು ತಂದು ಹಚ್ಚಬೇಡಿ. ಚರ್ಮದ ಡಾಕ್ಟರ ಹತ್ತಿರ ಹೋದಾಗ ಸುಮ್ಮನೆ ಕೂರಬೇಡಿ. ಕಲೆ ಮೊದಲು ಯಾವ ಬಣ್ಣವಿತ್ತು, ಈಗ ಯಾವ ಬಣ್ಣ, ಯಾವಾಗ ಏಳುತ್ತದೆ, ಏನು ಹಚ್ಚಿದ್ದೀರಿ ಎಂದು ನಿಮ್ಮ ಮಾತಿನಲ್ಲೇ ಹೇಳಿ. ಬೆಳಕಿನಲ್ಲಿ ನೋಡಿ, ಮುಟ್ಟಿ ನೋಡಿ ಎಂದು ಕೇಳಿ. ಕೇಳುವುದು ತಪ್ಪಲ್ಲ.

ನಿಮ್ಮೂರಿನಲ್ಲಿ ವೈದ್ಯರಿಗೆ ಇಂಥ ತರಬೇತಿ ನಡೆದರೆ ನಾಚಿಕೊಂಡು ಮನೆಯಲ್ಲಿ ಉಳಿಯಬೇಡಿ. ನಿಮ್ಮ ಮೈಬಣ್ಣದ ಮೇಲೆ ಕಾಯಿಲೆ ಹೇಗೆ ಕಾಣುತ್ತದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಹೇಳುವವರು ಬೇರೆ ಯಾರೂ ಇಲ್ಲ. ಹೋಗಿ, ಕೈ ಚಾಚಿ, ಹೇಳಿಕೊಡಿ. ಇವತ್ತು ನಿಮ್ಮ ಕೈ ನೋಡಿ ಕಲಿತ ವೈದ್ಯರು ನಾಳೆ ಇನ್ನೊಬ್ಬರ ಕೈ ಉಳಿಸುತ್ತಾರೆ.